ಪಟ್ಟಿ ಕೊಟ್ಟವರ ಕುಸ್ತಿ, ಟಿಕೆಟ್ ಕೊಂಡವರ ಕಪ್

2025ರ ಜೂನ್ 3ರ ರಾತ್ರಿ ಅಹಮದಾಬಾದಿನ ಐಪಿಎಲ್ ಫೈನಲಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಪಂಜಾಬ್ ಕಿಂಗ್ಸ್ ವಿರುದ್ಧ ಆರು ರನ್ನುಗಳಿಂದ ಗೆದ್ದಾಗ ರಾಜಧಾನಿಯ ಜೊತೆಗೆ ರಾಜ್ಯದ ಸಣ್ಣ ಪೇಟೆಗಳಲ್ಲೂ ಹುಡುಗರು ಬೀದಿಗಿಳಿದು ಪಟಾಕಿ ಹೊಡೆದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಿಂದ ನೋಡಿದರೆ ಇದು ಸೋಜಿಗವೇ. ಇಲ್ಲಿಂದ ಬೆಂಗಳೂರು ಸುಮಾರು 450 ಕಿಲೋಮೀಟರ್ ದೂರ. ತಂಡದ ಹೆಸರಿನ ಮುಂಭಾಗ ಬಂದದ್ದು ಒಂದು ವಿಸ್ಕಿ ಬ್ರ್ಯಾಂಡಿನಿಂದ. ಅದರ ದೊಡ್ಡ ತಾರೆ ದಿಲ್ಲಿಯವನು, ಹಿಂದೆ ಕುಣಿಸಿದವರು ಜಮೈಕಾ ಮತ್ತು ದಕ್ಷಿಣ ಆಫ್ರಿಕಾದವರು. ಹಾಗಿದ್ದೂ ಮಲಪ್ರಭೆಯ ದಂಡೆಯ ಹುಡುಗ ಆ ಕೆಂಪು ಅಂಗಿ ತೊಟ್ಟು ಹದಿನೇಳು ವರ್ಷ ಸೋಲುಂಡ, ಹದಿನೆಂಟನೆಯ ವರ್ಷ ಗೆದ್ದ. ಫುಟ್ಬಾಲಿನ ಲೋಕದಲ್ಲಿ ತಂಡಕ್ಕೂ ಊರಿಗೂ ಇರುವ ನಂಟು ಹಳೆಯ ಸಂಗತಿ. ಅಲ್ಲಿ ಅಭಿಮಾನಿ ತಾನು ಹುಟ್ಟಿದ ಓಣಿಯ ಕ್ಲಬ್ಬನ್ನು ಸಾಯುವವರೆಗೆ ಬಿಡುವುದಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಆ ನಂಟು ಎಲ್ಲಿದೆ, ಯಾವುದರಿಂದ ಆಗಿದೆ ಎಂದು ಹುಡುಕಬೇಕಾದರೆ ಕ್ರಿಕೆಟ್ಟಿನ ಪರದೆಯನ್ನೂ ಜಾತ್ರೆಯ ಕುಸ್ತಿ ಮೈದಾನವನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ತಂಡಕ್ಕೆ ಊರಿನ ಹೆಸರಿಟ್ಟರೆ ಊರಿನವರು ತಾವಾಗಿಯೇ ಅದರ ಹಿಂದೆ ಬರುತ್ತಾರೆ ಎನ್ನುವುದು ಲೀಗುಗಳನ್ನು ನಡೆಸುವವರ ನಂಬಿಕೆ. ಈ ನಂಬಿಕೆಯನ್ನು ಪರೀಕ್ಷಿಸಲು ಬೆಳಗಾವಿ ಜಿಲ್ಲೆಗಿಂತ ಒಳ್ಳೆಯ ಜಾಗವಿಲ್ಲ. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬೆಳಗಾವಿ ಪ್ಯಾಂಥರ್ಸ್ ಎಂಬ ತಂಡವಿತ್ತು. ಬರೀ ಇತ್ತು ಎನ್ನುವಂತಿಲ್ಲ, 2017ರಲ್ಲಿ ಬಿಜಾಪುರ ಬುಲ್ಸ್ ತಂಡವನ್ನು ಸೋಲಿಸಿ ಚಾಂಪಿಯನ್ ಕೂಡ ಆಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಬೆಟ್ಟಿಂಗ್ ಮತ್ತು ಫಿಕ್ಸಿಂಗ್ ತನಿಖೆ ಲೀಗನ್ನು ಸುತ್ತಿಕೊಂಡಿತು, ತಂಡದ ಮಾಲೀಕರ ಬಂಧನವಾಯಿತು, ಪಂದ್ಯಾವಳಿಯೇ ನಿಂತಿತು. 2022ರಲ್ಲಿ ಅದರ ಬದಲಿಗೆ ಮಹಾರಾಜ ಟ್ರೋಫಿ ಬಂದಾಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿ, ಶಿವಮೊಗ್ಗ ಹೀಗೆ ಆರು ಊರುಗಳ ಹೆಸರಿದ್ದವು, ಬೆಳಗಾವಿಯದಿರಲಿಲ್ಲ. ಕಪ್ ಗೆದ್ದುಕೊಟ್ಟ ತಂಡವೊಂದು ಹೀಗೆ ಅಳಿಸಿಹೋದರೂ ಅದನ್ನು ನೆನೆಸಿಕೊಂಡು ಮರುಗುವವರು ಇಂದು ಬೈಲಹೊಂಗಲದ ಚಹಾದಂಗಡಿಯಲ್ಲಿ ಸಿಕ್ಕರೆ ಅದೇ ಸುದ್ದಿಯಾದೀತು. ಹೆಸರು ಹತ್ತಿರದ್ದೇ, ಗೆಲುವೂ ಇತ್ತು, ನಂಟು ಮಾತ್ರ ಬೆಳೆಯಲಿಲ್ಲ. ಐಪಿಎಲ್ಲಿನಲ್ಲೂ ಹೀಗೇ ಆಗಿದೆ. 2009ರ ಫೈನಲಿನಲ್ಲಿ ಬೆಂಗಳೂರನ್ನು ಇದೇ ಆರು ರನ್ನುಗಳಿಂದ ಸೋಲಿಸಿದ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಮೂರೇ ವರ್ಷಕ್ಕೆ ಇಲ್ಲವಾಯಿತು.

ಹಾಗಾದರೆ ಆಟಗಾರರು ನಮ್ಮ ನೆಲದವರಾಗಿದ್ದರೆ ಸಾಕೇ? ಇದಕ್ಕೂ ಒಂದು ಪುರಾವೆಯಿದೆ, ಅದು ಫುಟ್ಬಾಲಿನದೇ. ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯನ್ನು ಹಳೆಯ ಮೈಸೂರು ರಾಜ್ಯ 1946–47ರಲ್ಲಿ ಗೆದ್ದಿತ್ತು, 1952–53ರಲ್ಲಿ ಮತ್ತೆ ಗೆದ್ದಿತ್ತು. 1968–69ರ ನಂತರ ಮಾತ್ರ ಆ ಟ್ರೋಫಿ ಕೈಗೆ ಸಿಗಲೇ ಇಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3–2 ಗೋಲುಗಳಿಂದ ಸೋಲಿಸಿ 54 ವರ್ಷಗಳ ಬರ ನೀಗಿತು. ಆರ್‌ಸಿಬಿಯ ಹದಿನೆಂಟು ವರ್ಷ ಇದರ ಮುಂದೆ ಮೂರರಲ್ಲೊಂದು ಪಾಲು. ತಂಡದ ಅಂಗಿಯ ಮೇಲೆ ರಾಜ್ಯದ ಹೆಸರೇ ಇತ್ತು, ಹರಾಜಿನಲ್ಲಿ ಕೊಂಡು ತಂದವರು ಯಾರೂ ಇರಲಿಲ್ಲ. ಆ ರಾತ್ರಿ ನಮ್ಮ ಊರುಗಳಲ್ಲಿ ಪಟಾಕಿ ಹಾರಿದ್ದು ಯಾರಿಗಾದರೂ ನೆನಪಿದೆಯೇ? ಆಟಗಾರರದು ಎಳ್ಳಷ್ಟೂ ತಪ್ಪಿಲ್ಲ. ಆ 54 ವರ್ಷ ನಾವು ಅವರ ಜೊತೆಗಿರಲಿಲ್ಲ, ಸೋತಾಗ ಬೈಯಲಿಲ್ಲ, ಮುಂದಿನ ವರ್ಷಕ್ಕೆ ಎದುರು ನೋಡಲಿಲ್ಲ. ಹೀಗಾಗಿ ಗೆದ್ದಾಗ ಅದು ಪತ್ರಿಕೆಯ ಆಟದ ಪುಟದ ಸುದ್ದಿಯಾಗಿ ಬಂದು ಹೋಯಿತು.

ಹೆಸರಿನಿಂದಲೂ ಹುಟ್ಟಿನಿಂದಲೂ ಹುಟ್ಟದ ನಂಟು ಆರ್‌ಸಿಬಿಯ ವಿಷಯದಲ್ಲಿ ಹುಟ್ಟಿದ್ದು ಕೂಡಿ ಕಾದದ್ದರಿಂದ. 2009, 2011, 2016ರಲ್ಲಿ ಫೈನಲಿಗೆ ಹೋಗಿ ಸೋತದ್ದು, 2017ರಲ್ಲಿ ಕೋಲ್ಕತ್ತದಲ್ಲಿ 49 ರನ್ನಿಗೆ ಆಲೌಟ್ ಆಗಿ ನಗೆಪಾಟಲಾದದ್ದು, ಪ್ರತಿ ಬೇಸಿಗೆಗೆ ‘ಈ ಸಲ ಕಪ್ ನಮ್ದೇ’ ಎಂದು ಹೇಳಿ ಪ್ರತಿ ಬೇಸಿಗೆಯ ಕೊನೆಗೆ ಗೆಳೆಯರಿಂದ ಚೇಷ್ಟೆ ಮಾಡಿಸಿಕೊಂಡದ್ದು, ಇವೆಲ್ಲ ಸೇರಿ ಒಂದು ಪೀಳಿಗೆಯ ಜಂಟಿ ನೆನಪಾಗಿವೆ. ಆದರೆ ಕಾಯುವುದಕ್ಕೆ ಈ ತಂಡವನ್ನೇ ಏಕೆ ಆರಿಸಿಕೊಂಡರು ಎಂಬ ಪ್ರಶ್ನೆಗೆ ಉತ್ತರ ಕ್ರಿಕೆಟ್ಟಿನಲ್ಲಿಲ್ಲ, ಭೂಪಟದಲ್ಲಿದೆ. 1956ರ ನವೆಂಬರ್ 1ರವರೆಗೆ ಈ ಸೀಮೆಗೆ ಬೆಂಗಳೂರು ಏನೂ ಆಗಿರಲಿಲ್ಲ. ಬೈಲಹೊಂಗಲ ಮುಂಬಯಿ ಪ್ರಾಂತದ ಸಂಪಗಾಂವ ತಾಲ್ಲೂಕಿನ ಕೇಂದ್ರ, ಕಿತ್ತೂರು ಅದರೊಳಗಿನ ಊರು. ಸವದತ್ತಿ ಪರಸಗಡ ತಾಲ್ಲೂಕಿನ ಕೇಂದ್ರ. ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಮೈಸೂರು ಮೊದಲ ಎರಡು ಸಲ ಸಂತೋಷ್ ಟ್ರೋಫಿ ಗೆದ್ದಾಗ ಇಲ್ಲಿಯವರ ಪಾಲಿಗೆ ಅದು ನೆರೆರಾಜ್ಯದ ಗೆಲುವಾಗಿತ್ತು. ಇವತ್ತಿಗೂ ಕಿತ್ತೂರಿನಿಂದ ಕೊಲ್ಲಾಪುರಕ್ಕೆ ಹೋಗುವ ದಾರಿ ಬೆಂಗಳೂರಿನ ದಾರಿಯ ಅರ್ಧವೂ ಆಗುವುದಿಲ್ಲ. ಏಕೀಕರಣವಾದ ಮೇಲೂ ರಾಜಧಾನಿ ಉತ್ತರದ ಕಡೆ ತಿರುಗಿ ನೋಡುವುದಿಲ್ಲವೆಂಬ ಕೊರಗು ಇಲ್ಲಿ ಆರಿಲ್ಲ. ಗಡಿಯ ತಕರಾರಂತೂ ಮಹಾಜನ ಆಯೋಗದ ಕಾಲದಿಂದ ಆಗಾಗ ಹೊಗೆಯಾಡುತ್ತಲೇ ಇದೆ. ಇಂಥ ಜಿಲ್ಲೆಯ ಹುಡುಗ ಮುಂಬಯಿ ತಂಡವನ್ನು ಬಿಟ್ಟು ಬೆಂಗಳೂರಿನ ತಂಡವನ್ನು ತನ್ನದೆನ್ನುವಾಗ ಅವನು ಒಂದು ನಗರವನ್ನು ಹೊಗಳುತ್ತಿಲ್ಲ, ತಾನು ಯಾವ ರಾಜ್ಯದವನೆಂದು ಹೇಳುತ್ತಿದ್ದಾನೆ. ಅಪ್ಪ ಬೆಂಗಳೂರನ್ನು ಬೈಯುವ ಮನೆಯಲ್ಲೇ ಮಗ ಬೆಂಗಳೂರಿನ ಅಂಗಿ ತೊಡುವುದು ಇದರಿಂದಲೇ ಸಾಧ್ಯವಾಗಿದೆ.

ಇದೆಲ್ಲ ಟೀವಿ ಮತ್ತು ಜಾಹೀರಾತಿನ ಮಾಯೆ, ಇದಕ್ಕೆ ಊರು, ನಾಡು ಎಂಬ ದೊಡ್ಡ ಮಾತೇಕೆ ಎಂದು ಕೇಳಬಹುದು. ಕೇಳುವವರ ಮಾತಿನಲ್ಲಿ ಹುರುಳಿದೆ. ಪ್ರಸಾರ ಇರದಿದ್ದರೆ ಆರ್‌ಸಿಬಿ ಸವದತ್ತಿಯ ಮನೆಯೊಳಗೆ ಬರುತ್ತಿರಲಿಲ್ಲ. ಆದರೆ ಟೀವಿ ಎಲ್ಲ ತಂಡಗಳನ್ನೂ ಒಂದೇ ಸಮ ತೋರಿಸುತ್ತದೆ, ಮುಂಬಯಿ, ಚೆನ್ನೈ ತಂಡಗಳು ತಲಾ ಐದು ಸಲ ಕಪ್ ಗೆದ್ದಿವೆ. ಮಾಯೆಯೊಂದೇ ಕೆಲಸ ಮಾಡಿದ್ದರೆ ಈ ಸೀಮೆಯ ಅಭಿಮಾನ ಗೆದ್ದವರ ಕಡೆ ಹರಿಯಬೇಕಿತ್ತು. ಒಂದಷ್ಟು ಹರಿದಿದೆ ಕೂಡ, ಇಲ್ಲವೆನ್ನುವುದಿಲ್ಲ. ಉಳಿದದ್ದು ಸೋಲುವ ತಂಡದ ಜೊತೆಗೇ ನಿಂತಿತಲ್ಲ, ಅದಕ್ಕೆ ಜಾಹೀರಾತಿನ ಲೆಕ್ಕದಲ್ಲಿ ವಿವರಣೆ ಸಿಗುವುದಿಲ್ಲ. ನನ್ನ ತಕರಾರು ಬೇರೆಯದು. ಈ ನಂಟಿನಲ್ಲಿ ಕಾಯುವುದಷ್ಟೇ ಅಭಿಮಾನಿಯ ಪಾಲು, ಕೇಳುವ ಹಕ್ಕು ಒಂದಿಷ್ಟೂ ಇಲ್ಲ. ಆ ಕೊರತೆ ಎಷ್ಟು ದೊಡ್ಡದೆಂದು ತಿಳಿಯಲು ಇದೇ ಸೀಮೆಯ ಜಾತ್ರೆಯ ಕುಸ್ತಿಯನ್ನು ಪಕ್ಕದಲ್ಲಿಟ್ಟು ನೋಡಬೇಕು.

ಜಾತ್ರೆಗೆ ಇನ್ನೂ ದಿನಗಳಿರುವಾಗಲೇ ಕಮಿಟಿಯ ಹಿರಿಯರು ವಹಿ ಹಿಡಿದು ಪಟ್ಟಿ ಕೂಡಿಸಲು ಹೊರಡುತ್ತಾರೆ. ಹತ್ತಿ ಮಾರಿದವನು ಒಂದಿಷ್ಟು, ಕಿರಾಣಿ ಅಂಗಡಿಯವನು ಒಂದಿಷ್ಟು, ಮಿಲಿಟರಿಯಲ್ಲಿರುವ ಮಗ ಕಳಿಸಿದ್ದರಲ್ಲಿ ಮುದುಕಿ ಒಂದಿಷ್ಟು. ಕೊಟ್ಟವರ ಹೆಸರು ಮೈಕಿನಲ್ಲಿ ಕೂಗುವುದುಂಟು, ಕೊಡದವರ ಹೆಸರು ಮೈಕಿಲ್ಲದೆಯೂ ಊರಿಗೆ ಗೊತ್ತಾಗುತ್ತದೆ. ಕೆಂಪು ಮಣ್ಣನ್ನು ಸಾಣಿಸಿ, ಅದಕ್ಕೆ ಎಣ್ಣೆ, ಮಜ್ಜಿಗೆ, ಲಿಂಬೆರಸ, ಅರಿಶಿನ ಬೆರೆಸಿ ಮೈದಾನ ಹದ ಮಾಡುತ್ತಾರೆ. ಮಧ್ಯಾಹ್ನ ಹಲಗಿ ಬಾರಿಸತೊಡಗಿದರೆ ಮೊದಲು ಇಳಿಯುವವರು ಚಡ್ಡಿ ಜಾರುವ ಸಣ್ಣ ಹುಡುಗರು. ಗೆದ್ದವನಿಗೆ ತೆಂಗಿನಕಾಯಿಯೋ ಇಪ್ಪತ್ತು ರೂಪಾಯಿಯೋ. ಹೊತ್ತು ಇಳಿದಂತೆ ಜೋಡಿಗಳು ದೊಡ್ಡವಾಗುತ್ತವೆ, ಕೊನೆಗೆ ಬೆಳ್ಳಿ ಕಡೆಯ ಕುಸ್ತಿ. ಪೈಲ್ವಾನನೊಬ್ಬ ತೊಡೆ ತಟ್ಟಿ ಮೈದಾನಕ್ಕೆ ಸುತ್ತು ಹಾಕುವಾಗ ಸುತ್ತ ಕುಳಿತವರು ಕೇಳುವ ಮೊದಲ ಮಾತು ‘ಯಾವೂರಾಂವ?’ ಎಂದೇ. ಅವನ ಸ್ವಂತ ಹೆಸರು ಆಮೇಲೆ, ಅವನನ್ನು ತಯಾರು ಮಾಡಿದ ವಸ್ತಾದಿಯ ಹೆಸರು ಅದಕ್ಕೂ ಆಮೇಲೆ. ಜೋಡಿ ಕಟ್ಟುವುದು ಇಲ್ಲಿ ಬಲು ಸೂಕ್ಷ್ಮದ ಕೆಲಸ. ತಕ್ಕಡಿಯ ತೂಕಕ್ಕಿಂತ ವಯಸ್ಸು, ಕಟ್ಟುಮಸ್ತು, ಹಿಂದೆ ಎಲ್ಲೆಲ್ಲಿ ಯಾರನ್ನು ಚಿತ್ ಮಾಡಿದ್ದಾನೆಂಬ ನೆನಪು ಮುಖ್ಯ. ಜೋಡಿ ಸರಿಯಿಲ್ಲವೆಂದು ಕಂಡರೆ ಕುಳಿತವರು ಎದ್ದು ನಿಂತು ಗಲಾಟೆ ಮಾಡುತ್ತಾರೆ, ಕಮಿಟಿ ಜೋಡಿ ಬದಲಿಸಬೇಕಾಗುತ್ತದೆ. ಇಬ್ಬರೂ ಒಳಗೊಳಗೇ ಹೊಂದಾಣಿಕೆ ಮಾಡಿಕೊಂಡು ಕೈ ಕೈ ಹಿಡಿದು ಹೊತ್ತು ಕಳೆಯುತ್ತಿದ್ದಾರೆಂಬ ಗುಮಾನಿ ಬಂದರೆ ಬೈಗುಳದ ಮಳೆ. ಹಿರಿಯರು ಒಳಗೆ ಬಂದು ಎಚ್ಚರಿಕೆ ಕೊಡುತ್ತಾರೆ, ಮತ್ತೂ ಹಾಗೇ ಆದರೆ ಇನಾಮಿಗೆ ಕತ್ತರಿ. ಪಟ್ಟಿ ಕೊಟ್ಟವನಿಗೆ ಇಷ್ಟು ಹೇಳುವ ಅಧಿಕಾರವಿದೆ, ಅದನ್ನು ಅವನು ಚಲಾಯಿಸದೆ ಬಿಡುವುದೂ ಇಲ್ಲ. ಕೆಪಿಎಲ್ಲಿನ ಫಿಕ್ಸಿಂಗ್ ಹೊರಗೆಳೆಯಲು ಪೊಲೀಸರೇ ಬರಬೇಕಾಯಿತೆಂಬುದನ್ನು ಇಲ್ಲಿ ನೆನೆಯುವುದು ತಪ್ಪಾಗಲಾರದು.

ಜಾತ್ರೆಯ ದೊಡ್ಡ ಕುಸ್ತಿಗೂ ಹರಿಯಾಣ, ಪಂಜಾಬ್, ಕೊಲ್ಲಾಪುರದ ಪೈಲ್ವಾನರನ್ನೇ ದುಡ್ಡು ಕೊಟ್ಟು ಕರೆಸುತ್ತಾರಲ್ಲ, ಅದಕ್ಕೂ ಐಪಿಎಲ್ ಹರಾಜಿಗೂ ಏನು ವ್ಯತ್ಯಾಸ ಎಂಬುದು ಗಟ್ಟಿಯಾದ ಆಕ್ಷೇಪ. ನಿಜ, ಕರೆಸುತ್ತಾರೆ. ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದ ಕುಸ್ತಿಗೂ ಹೊರಗಿನವರು ಬರುತ್ತಾರೆ. ಕುಸ್ತಿಯ ವಿಷಯದಲ್ಲಿ ಗಡಿಯ ಗೆರೆ ಎಂದೂ ಕಟ್ಟುನಿಟ್ಟಾಗಿರಲಿಲ್ಲ. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ನಮ್ಮದೇ ಜಿಲ್ಲೆಯ ಚಿಕ್ಕೋಡಿ ಕಡೆಯ ಯಕ್ಸಂಬಾದವರು, ಪಳಗಿದ್ದು ಮತ್ತು ಹೆಸರಾದದ್ದು ಕೊಲ್ಲಾಪುರದಲ್ಲಿ. ಅವರನ್ನು ಎರಡೂ ಕಡೆಯವರು ತಮ್ಮವರೆನ್ನುತ್ತಾರೆ, ಯಲ್ಲಮ್ಮನ ಗುಡ್ಡಕ್ಕೆ ಕೊಲ್ಲಾಪುರದ ಭಕ್ತರು ಬಂದಷ್ಟೇ ಸಹಜವಾಗಿ. ಆದರೆ ಹೊರಗಿನ ಪೈಲ್ವಾನ ಬಂದಾಗ ಮರ್ಯಾದೆ ಸಲ್ಲುವುದು ಅವನೊಬ್ಬನಿಗೇ ಅಲ್ಲ, ಅಂಥ ಜೋಡಿ ಕಟ್ಟಿದ ಊರಿಗೂ. ಪಕ್ಕದ ಊರಿನವರು ಅಸೂಯೆಪಟ್ಟು ಮುಂದಿನ ವರ್ಷ ಅದಕ್ಕಿಂತ ದೊಡ್ಡ ಜೋಡಿ ತರಲು ಪಟ್ಟಿ ಹೆಚ್ಚಿಸುತ್ತಾರೆ. ಫುಟ್ಬಾಲಿನಲ್ಲೂ ಇದೇ ನಡೆಯುತ್ತದೆ. ಬಾಸ್ಕ್ ನೆಲದ ಆಟಗಾರರಿಗೇ ಅಂಟಿಕೊಂಡ ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊದಂಥ ಕ್ಲಬ್ಬು ಅಪರೂಪ. ಉಳಿದೆಡೆ ಆಟಗಾರ ಬರುತ್ತಾನೆ, ಹೋಗುತ್ತಾನೆ, ಮೈದಾನ ಮತ್ತು ಅದರ ಸುತ್ತ ಕೂರುವ ಜನ ಉಳಿಯುತ್ತಾರೆ. ಈ ಭಾಗದ ತೆರಬಂಡಿ ಸ್ಪರ್ಧೆಯಲ್ಲಿ ಇದು ಇನ್ನೂ ಸ್ಪಷ್ಟ. ಲಕ್ಷಗಟ್ಟಲೆ ಕೊಟ್ಟು ಎಲ್ಲಿಂದಲೋ ತಂದ ಎತ್ತುಗಳು ಅಖಾಡಕ್ಕೆ ಬರುವಾಗ ಧಣಿಯ ಹೆಸರಿಗಿಂತ ಊರ ದೇವರ ಹೆಸರು ಮುಂದಿರುತ್ತದೆ, ಗೆದ್ದರೆ ಗುಲಾಲು ಹಾರುವುದು ದೇವರ ಗುಡಿಯ ಮುಂದೆ.

ತಂಡ ನಮ್ಮ ಊರಿನದು ಎನ್ನುವುದರ ನಿಜವಾದ ಪರೀಕ್ಷೆ ಗೆಲುವಿನ ರಾತ್ರಿ ನಡೆಯುವುದಿಲ್ಲ, ಮಾಲೀಕ ಅದನ್ನು ಕಿತ್ತುಕೊಂಡು ಹೊರಟ ದಿನ ನಡೆಯುತ್ತದೆ. 2002ರಲ್ಲಿ ಲಂಡನ್ನಿನ ವಿಂಬಲ್ಡನ್ ಫುಟ್ಬಾಲ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಎಂಬ ದೂರದ ಊರಿಗೆ ಸಾಗಿಸಲು ಅನುಮತಿ ಸಿಕ್ಕಿತು. ಅಭಿಮಾನಿಗಳು ಹಿಂಬಾಲಿಸಲಿಲ್ಲ, ಊರಿನ ಬಯಲಿನಲ್ಲಿ ಹುಡುಗರನ್ನು ಪರೀಕ್ಷಿಸಿ ಆರಿಸಿ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ತಂಡ ಕಟ್ಟಿದರು, ಒಂಬತ್ತನೆಯ ದರ್ಜೆಯಿಂದ ಶುರುಮಾಡಿ 2011ಕ್ಕೆ ಫುಟ್ಬಾಲ್ ಲೀಗಿಗೆ ಏರಿದರು, 2020ರಲ್ಲಿ ತಮ್ಮ ಹಳೆಯ ಪ್ಲಾವ್ ಲೇನ್ ಬೀದಿಗೇ ಮರಳಿದರು. ಜರ್ಮನಿಯಲ್ಲಿ ಇಷ್ಟು ಕಷ್ಟವೇ ಬೇಕಿಲ್ಲ, ಕೆಲವೇ ಅಪವಾದ ಬಿಟ್ಟರೆ ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕೆಂಬುದು ನಿಯಮ. ಅದು ಶ್ರೀಮಂತ ದೇಶಗಳ ಮಾತು ಎನ್ನುವವರಿಗೆ ಕೋಲ್ಕತ್ತ ಉತ್ತರ ಕೊಡುತ್ತದೆ. 1911ರಲ್ಲಿ ಬರಿಗಾಲಿನಲ್ಲಿ ಆಡಿ ಬ್ರಿಟಿಷ್ ರೆಜಿಮೆಂಟನ್ನು ಸೋಲಿಸಿದ ಮೋಹನ್ ಬಾಗಾನ್ ಕ್ಲಬ್ಬಿನ ಹೆಸರಿನ ಮುಂದೆ 2020ರಲ್ಲಿ ಮಾಲೀಕರು ಎಟಿಕೆ ಎಂಬ ತಮ್ಮ ಹಳೆಯ ತಂಡದ ಹೆಸರು ಅಂಟಿಸಿದಾಗ ಅಭಿಮಾನಿಗಳು ಮೂರು ವರ್ಷ ಹಟ ಬಿಡಲಿಲ್ಲ. 2023ರಲ್ಲಿ ಬೆಂಗಳೂರು ಎಫ್‌ಸಿಯನ್ನು ಸೋಲಿಸಿ ಲೀಗ್ ಗೆದ್ದ ರಾತ್ರಿಯೇ ಆ ಮೂರಕ್ಷರ ತೆಗೆಯುವುದಾಗಿ ಮಾಲೀಕರು ಘೋಷಿಸಬೇಕಾಯಿತು. ಅದರ ಬದ್ಧ ಎದುರಾಳಿ ಈಸ್ಟ್ ಬೆಂಗಾಲಿನ ಕಥೆ ಇನ್ನೂ ವಿಚಿತ್ರ. ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದವರ ಪಾಲಿಗೆ ಬಿಟ್ಟುಬಂದ ಊರು ಉಳಿದದ್ದೇ ಆ ಕ್ಲಬ್ಬಿನ ಹೆಸರಿನಲ್ಲಿ. ನಮ್ಮಲ್ಲೂ ಚಿಗುರುಗಳಿಲ್ಲ ಎಂದಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ನಿಂತೇ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಕೂಟವಿದೆ. ಆದರೆ ಅದು ಆ ನಗರದ ನಂಟು, ಅದಕ್ಕೆ ರಾಮದುರ್ಗದವರೆಗೆ ಚಾಚುವ ಅಗತ್ಯವೂ ಇಲ್ಲ.

ಊರಿನ ಅಭಿಮಾನ ಹೆಚ್ಚಾದರೆ ತಲೆ ಒಡೆಯುತ್ತವೆ ಎಂಬ ಭಯವನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ಗಲಭೆಯಲ್ಲಿ 16 ಜನ ಸತ್ತರು. ನಮ್ಮ ಜಾತ್ರೆಗಳಲ್ಲೂ ತೀರ್ಪಿನ ಜಗಳ ಊರ ಜಗಳವಾಗಿ, ಕೆಲವೆಡೆ ಜಾತಿಯ ಜಗಳವಾಗಿ ತಿರುಗುವುದನ್ನು ಯಾರೂ ಅಲ್ಲಗಳೆಯಲಾರರು. ಪಟ್ಟಿ ಎಲ್ಲರಿಂದ ಕೂಡಿಸಿದರೂ ಕಮಿಟಿಯ ಕುರ್ಚಿಯಲ್ಲಿ ಎಲ್ಲರಿಗೂ, ಅದರಲ್ಲೂ ಹೆಣ್ಣುಮಕ್ಕಳಿಗೆ, ಜಾಗ ಸಿಗುವುದಿಲ್ಲ ಎಂಬುದೂ ಸತ್ಯ. ಅಷ್ಟಿದ್ದರೂ ಹಕ್ಕಿಲ್ಲದ ಅಭಿಮಾನ ಇದಕ್ಕಿಂತ ಸುರಕ್ಷಿತವೆಂದು ಹೇಳಲು 2025ರ ಜೂನ್ 4ರ ನಂತರ ಬಾಯಿ ಬರುವುದಿಲ್ಲ. ಕಪ್ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟರು. ಅಲ್ಲಿ ಎದುರಾಳಿ ಊರಿನವರು ಇರಲಿಲ್ಲ, ಜಗಳವಿರಲಿಲ್ಲ, ಸೋಲೂ ಇರಲಿಲ್ಲ. ಲಕ್ಷಗಟ್ಟಲೆ ಜನ ಬಂದಿದ್ದರು, ಅವರನ್ನು ಹೆಸರು ಹಿಡಿದು ಬಲ್ಲವರು ಯಾರೂ ಇರಲಿಲ್ಲ. ಸದಸ್ಯತ್ವ, ಅಭಿಮಾನಿ ಸಂಘ, ಯಾವ ಗ್ಯಾಲರಿ ಯಾರದೆಂಬ ಗೊತ್ತುಪಾಡು ಇರುವಲ್ಲಿ ಜನಸಂದಣಿಗೆ ಒಂದು ಮುಖವಿರುತ್ತದೆ, ಆ ಮುಖದೊಂದಿಗೆ ಪೊಲೀಸರೂ ಸಂಘಟಕರೂ ಮೊದಲೇ ಮಾತನಾಡಬಹುದು. ಜಾತ್ರೆಯ ಮೈದಾನದಲ್ಲಿ ಗಲಾಟೆ ಎದ್ದಾಗ ಆಯಾ ಊರಿನ ಹಿರಿಯರನ್ನು ಕರೆದು ‘ನಿಮ್ಮ ಹುಡುಗರನ್ನ ಕೂಡಸ್ರಿ’ ಎಂದರೆ ಬಹಳ ಸಲ ಸಾಕಾಗುತ್ತದೆ.

ಬೆಳಗಾವಿಯ ಹೆಸರಿನಲ್ಲಿ ಮುಂದೆ ಮತ್ತೊಂದು ತಂಡ ಬರಬಹುದು, ಕ್ರಿಕೆಟ್ಟಿನದೋ ಕಬಡ್ಡಿಯದೋ ಫುಟ್ಬಾಲಿನದೋ. ಆಗ ಚಿರತೆ, ಹುಲಿ ಎಂದು ಯಾವ ಪ್ರಾಣಿಯ ಹೆಸರಿಡಬೇಕೆಂಬ ಚರ್ಚೆಗಿಂತ ಮೊದಲು ಕೇಳಬೇಕಾದವು ಬೇರೆ ಇವೆ. ಬೆಳಗಾವಿಯಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯದೇ ಮೈದಾನವಿದೆ. ಪಂದ್ಯಗಳು ಅಲ್ಲಿ ನಡೆಯುತ್ತವೆಯೋ, ಅಥವಾ ಹೆಸರು ಮಾತ್ರ ಇಲ್ಲಿಯದಾಗಿ ಆಟವೆಲ್ಲ ಬೆಂಗಳೂರಿನಲ್ಲೋ? ಆಟಗಾರರ ಆಯ್ಕೆಯ ಶಿಬಿರ ಮುನವಳ್ಳಿಗೆ, ದೊಡವಾಡಕ್ಕೆ, ಕಟಕೋಳಕ್ಕೆ ಬರುತ್ತದೆಯೋ? ಸಣ್ಣ ಮೊತ್ತ ಕೊಟ್ಟು ಸದಸ್ಯನಾದವನಿಗೆ ಒಂದು ಮತ ಇರುತ್ತದೆಯೋ, ತಂಡವನ್ನು ಮಾರುವಾಗ ಅವನನ್ನು ಕೇಳುತ್ತಾರೋ? ಇವು ಈ ಸೀಮೆಯವರಿಗೆ ಹೊಸ ಬೇಡಿಕೆಗಳೇನಲ್ಲ. ಜಾತ್ರೆ ಮುಗಿದ ಮೇಲೆ ಕಮಿಟಿಯವರು ಗುಡಿಯ ಕಟ್ಟೆಯ ಮೇಲೆ ಕುಳಿತು ಪಟ್ಟಿ ಎಷ್ಟು ಬಂತು, ಪೈಲ್ವಾನರಿಗೆ ಎಷ್ಟು ಹೋಯಿತು, ಹಲಗಿಯವರಿಗೆಷ್ಟು, ಮಂಟಪಕ್ಕೆಷ್ಟು ಎಂದು ಜಮಾಖರ್ಚು ಓದುತ್ತಾರೆ. ತಾಳೆಯಾಗದಿದ್ದರೆ ಮುಂದಿನ ವರ್ಷ ಕಮಿಟಿಯೇ ಬದಲು.